ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಗಾದೆಯನ್ನು ಕಟ್ಟಿದ ಹಿರಿಯರು ಮೋಟಾರ್ ಸೈಕಲನ್ನು ಕಂಡವರಲ್ಲ. ಆದರೂ ಇಂದು ನಮ್ಮ ಊರುಗಳಲ್ಲಿ ಕೆಟ್ಟು ನಿಂತ ಮೋಟಾರ್ ಸೈಕಲಿಗೆ ನಡೆಯುತ್ತಿರುವ ಚಿಕಿತ್ಸೆಯನ್ನು ನೋಡಿದಾಗಲೆಲ್ಲ ನಮಗೆ ಈ ಮಾತೇ ನೆನಪಾಗುತ್ತದೆ. ಇದು ಕೇವಲ ಮೆಕ್ಯಾನಿಕರ ದೋಷವೆಂದು ನಾವು ಹೇಳುವುದಿಲ್ಲ. ಭೌತಶಾಸ್ತ್ರವನ್ನು ಕಲಿಸುವ ನಮ್ಮಂಥವರ ಪಾಲೂ, ಅದನ್ನು ಕಲಿಯುವ ನಿಮ್ಮ ಪಾಲೂ ಇದರಲ್ಲುಂಟು. ಅದು ಹೇಗೆಂಬುದನ್ನು ನಾವು ಈಚೆಗೆ ಕಂಡ ಒಂದು ಸಂಗತಿಯಿಂದ ವಿವರಿಸುವೆವು.

ಮಧುಗಿರಿ ತಾಲ್ಲೂಕಿನ ದೊಡ್ಡೇರಿ ಹೋಬಳಿಯ ಒಂದು ಹಳ್ಳಿಯಿಂದ ನಮ್ಮ ತರಗತಿಗೆ ಬರುವ ವಿದ್ಯಾರ್ಥಿಯೊಬ್ಬನಿದ್ದಾನೆ. ಮನೆಯಲ್ಲಿರುವುದು ಒಂದೇ ಮೋಟಾರ್ ಸೈಕಲು. ಬೆಳಗ್ಗೆ ತಂದೆ ಅದರಲ್ಲಿ ಹಾಲಿನ ಕ್ಯಾನುಗಳನ್ನು ಡೈರಿಗೆ ಒಯ್ಯುತ್ತಾರೆ. ಆ ಬಳಿಕ ಮಗ ಅದನ್ನೇ ಏರಿ ಕಾಲೇಜಿಗೆ ಬರುತ್ತಾನೆ. ಕೆಲವು ವಾರಗಳಿಂದ ಆ ವಾಹನಕ್ಕೆ ಒಂದು ವಿಚಿತ್ರ ಕಾಯಿಲೆ ಹಿಡಿದಿತ್ತು. ಸಮನಾದ ರಸ್ತೆಯಲ್ಲಿ ಚೆನ್ನಾಗಿಯೇ ಓಡುವುದು. ಏರು ಬಂದೊಡನೆ ಉಸಿರು ಕಟ್ಟಿದಂತೆ ಮುಗ್ಗರಿಸುವುದು. ಒಮ್ಮೊಮ್ಮೆ ನಿಂತೇ ಬಿಡುವುದು. ರಿಪೇರಿ ಅಂಗಡಿಯಲ್ಲಿ ಮೊದಲು ಬ್ಯಾಟರಿಯನ್ನು ಬದಲಾಯಿಸಿದರು. ಗುಣ ಕಾಣಲಿಲ್ಲ. ಬಳಿಕ ಪೆಟ್ರೋಲನ್ನು ಒತ್ತುವ ಪಂಪನ್ನು ಬದಲಾಯಿಸಿದರು. ಮೂರು ದಿನ ಎಲ್ಲವೂ ಸರಿಯಾಯಿತು. ನಾಲ್ಕನೆಯ ದಿನ ಮತ್ತೆ ಏರಿನಲ್ಲಿ ಗಾಡಿ ನಿಂತಿತು, ಡೈರಿಯ ಬಾಗಿಲು ಮುಚ್ಚಿತು, ಹಾಲು ಮನೆಗೆ ಹಿಂತಿರುಗಿತು. ಅಷ್ಟರಲ್ಲಿ ಎರಡು ತಿಂಗಳ ಹಾಲಿನ ಹಣ ಅಂಗಡಿಯನ್ನು ಸೇರಿತ್ತು. ಇನ್ನು ಎಂಜಿನನ್ನು ಆಳುವ ನಿಯಂತ್ರಕ ಪೆಟ್ಟಿಗೆಯನ್ನೇ ಬದಲಾಯಿಸಬೇಕೆಂದು ಅಲ್ಲಿ ಹೇಳಿದರಂತೆ. ಅದರ ಬೆಲೆ ಉಳಿದೆರಡಕ್ಕಿಂತಲೂ ಹೆಚ್ಚು. "ಸಾರ್, ಬದಲಾಯಿಸಲೇಬೇಕೆ?" ಎಂದು ಹುಡುಗ ಕೇಳಿದ. ಏನನ್ನಾದರೂ ಬದಲಾಯಿಸುವ ಮುನ್ನ ಏನನ್ನಾದರೂ ಅಳೆದಿದ್ದಾರೆಯೆ ಎಂದು ನಾವು ಕೇಳಿದೆವು. ಅಳೆದಿದ್ದರು. ಪಂಪಿಗೆ ಬರುವ ತಂತಿಯ ಕೊಂಡಿಯನ್ನು ಬಿಚ್ಚಿ, ಮೀಟರು ಹಿಡಿದು, "ಹನ್ನೆರಡು ವೋಲ್ಟು ಸರಿಯಾಗಿಯೇ ಬರುತ್ತಿದೆ, ಆದುದರಿಂದ ತಂತಿಗಳಲ್ಲಿ ದೋಷವಿಲ್ಲ" ಎಂದು ತೀರ್ಮಾನಿಸಿದ್ದರು.

ಈ ತೀರ್ಮಾನವೇ ಎಲ್ಲ ಅನರ್ಥಕ್ಕೂ ಮೂಲ. ಅದನ್ನು ತಿಳಿಯಲು ಮೊದಲು ವಾಹನದ ಇಂಧನ ವ್ಯವಸ್ಥೆಯನ್ನು ಸ್ವಲ್ಪ ಪರಿಚಯಿಸಿಕೊಳ್ಳಬೇಕು.

ಹಿಂದಿನ ಸಾಮಾನ್ಯ ಮೋಟಾರ್ ಸೈಕಲುಗಳಲ್ಲಿ ಪೆಟ್ರೋಲಿನ ದಾರಿಗೂ ವಿದ್ಯುತ್ತಿಗೂ ಸಂಬಂಧವಿರಲಿಲ್ಲ. ಟ್ಯಾಂಕು ಮೇಲೆ, ಕಾರ್ಬ್ಯುರೇಟರು ಕೆಳಗೆ. ಪೆಟ್ರೋಲು ತನ್ನ ಭಾರದಿಂದಲೇ ಕೆಳಗಿಳಿಯುತ್ತಿತ್ತು. ವಿದ್ಯುತ್ತಿನ ಕೆಲಸ ಮುಖ್ಯವಾಗಿ ಕಿಡಿ ಹಾರಿಸುವುದು. ಪೆಟ್ರೋಲು ಬಾರದಿದ್ದರೆ ನಳಿಗೆಯನ್ನು ಊದಿ, ಕಸವನ್ನು ತೆಗೆದರೆ ಕೆಲಸ ಮುಗಿಯುತ್ತಿತ್ತು. 2020ರ ಏಪ್ರಿಲ್ 1ರಿಂದ ದೇಶಾದ್ಯಂತ ಭಾರತ್ ಸ್ಟೇಜ್ 6 ಎಂಬ ಹೊಗೆನಿಯಮಗಳು ಜಾರಿಗೆ ಬಂದ ಮೇಲೆ ಹೊಸ ವಾಹನಗಳು ಬಹುಮಟ್ಟಿಗೆ ಕಾರ್ಬ್ಯುರೇಟರನ್ನು ತ್ಯಜಿಸಿದುವು. ಈಗ ಟ್ಯಾಂಕಿನ ಒಳಗೇ, ಪೆಟ್ರೋಲಿನಲ್ಲಿ ಮುಳುಗಿದಂತೆ, ಒಂದು ಪುಟ್ಟ ವಿದ್ಯುನ್ಮೋಟಾರು ಇರುತ್ತದೆ. ಅದು ಪೆಟ್ರೋಲನ್ನು ವಾಯುಮಂಡಲದ ಒತ್ತಡದ ಸುಮಾರು ಮೂರರಷ್ಟು ಒತ್ತಡದಲ್ಲಿ ಎಂಜಿನಿನೆಡೆಗೆ ತಳ್ಳುತ್ತದೆ. ಅಲ್ಲಿ ಇಂಜೆಕ್ಟರೆಂಬ ಸೂಕ್ಷ್ಮ ಕವಾಟವೊಂದು ವಿದ್ಯುತ್ಕಾಂತದ ಬಲದಿಂದ ಸೆಕೆಂಡಿನ ಕೆಲವೇ ಸಾವಿರದ ಭಾಗಗಳಷ್ಟು ಕಾಲ ತೆರೆದುಕೊಂಡು ಪೆಟ್ರೋಲನ್ನು ಸಿಂಪಡಿಸುತ್ತದೆ. ಎಷ್ಟು ಹೊತ್ತು ತೆರೆದಿರಬೇಕೆಂಬುದನ್ನು ನಿಯಂತ್ರಕ ಪೆಟ್ಟಿಗೆ ಲೆಕ್ಕ ಹಾಕಿ ಹೇಳುತ್ತದೆ. ಕೀಲಿಯನ್ನು ತಿರುಗಿಸಿದೊಡನೆ ಎರಡು ಮೂರು ಸೆಕೆಂಡು ಕೇಳಿಬರುವ ಗುಂಯ್ ಎಂಬ ಸದ್ದು ಈ ಪಂಪಿನದು. ಹೀಗೆ, ಪೆಟ್ರೋಲಿನ ಹಾದಿ ಈಗ ವಿದ್ಯುತ್ತಿನ ಕೈಸೇರಿದೆ. ಪೆಟ್ರೋಲಿನ ಕೊರತೆಯಂತೆ ತೋರುವ ರೋಗ ವಾಸ್ತವವಾಗಿ ತಂತಿಯ ರೋಗವಾಗಿರಬಹುದು.

ಇನ್ನು ಆ ಹನ್ನೆರಡು ವೋಲ್ಟಿನ ಮಾತು. ಒಂದು ಸುಲಭ ಲೆಕ್ಕವನ್ನು ಮಾಡೋಣ. ಬ್ಯಾಟರಿಯ ವಿಭವಾಂತರ 12.6 ವೋಲ್ಟು ಎಂದಿರಲಿ. ಓಡುತ್ತಿರುವ ಪಂಪನ್ನು 4 ಓಮಿನ ರೋಧವೆಂದು ಭಾವಿಸೋಣ. ಮೋಟಾರು ನಿಜವಾಗಿ ಸರಳ ರೋಧವಲ್ಲ, ಆದರೆ ನಮ್ಮ ಉದ್ದೇಶಕ್ಕೆ ಇಷ್ಟು ಸಾಕು. ತಂತಿಗಳೆಲ್ಲ ಸರಿಯಿದ್ದರೆ 3.15 ಆಂಪಿಯರು ಪ್ರವಾಹ ಹರಿದು ಪಂಪಿಗೆ ಸುಮಾರು 40 ವಾಟು ಸಾಮರ್ಥ್ಯ ದೊರೆಯುತ್ತದೆ. ಈಗ ದಾರಿಯ ಒಂದು ಸಂಧಿಯಲ್ಲಿ ಕಿಲುಬು ಹಿಡಿದು 1 ಓಮು ರೋಧ ಸೇರಿತೆನ್ನೋಣ. ಒಟ್ಟು ರೋಧ 5 ಓಮು, ಪ್ರವಾಹ 2.52 ಆಂಪಿಯರು. ಸಂಧಿಯಲ್ಲೇ 2.52 ವೋಲ್ಟು ನಷ್ಟವಾಗಿ ಪಂಪಿಗೆ ತಲಪುವುದು 10.08 ವೋಲ್ಟು ಮಾತ್ರ. ಅದಕ್ಕೆ ದೊರೆಯುವ ಸಾಮರ್ಥ್ಯ ನೂರಕ್ಕೆ 64ಕ್ಕೆ ಇಳಿಯುತ್ತದೆ. ಏರಿನಲ್ಲಿ ಎಂಜಿನು ಹೆಚ್ಚು ಪೆಟ್ರೋಲನ್ನು ಬೇಡಿದಾಗ ಇಂಥ ಪಂಪು ಸೋಲುವುದು ಆಶ್ಚರ್ಯವಲ್ಲ.

ಅದೇ ಸಂಧಿಯನ್ನು ಹಾಗೆಯೇ ಬಿಟ್ಟು, ಪಂಪಿನ ಕೊಂಡಿಯನ್ನು ಬಿಚ್ಚಿ ಆ ತುದಿಗಳಿಗೆ ಮೀಟರನ್ನು ಹಿಡಿಯಿರಿ. ಸಾಮಾನ್ಯ ಡಿಜಿಟಲ್ ಮೀಟರಿನ ಒಳರೋಧ ಸುಮಾರು 1 ಕೋಟಿ ಓಮು. ಆಗ ಹರಿಯುವ ಪ್ರವಾಹ ಆಂಪಿಯರಿನ ಹತ್ತು ಲಕ್ಷದ ಒಂದು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೆ. ಕಿಲುಬಿನ ಸಂಧಿಯಲ್ಲಿ ನಷ್ಟವಾಗುವ ವಿಭವಾಂತರವೂ ವೋಲ್ಟಿನ ಹತ್ತು ಲಕ್ಷದ ಒಂದು ಭಾಗದಷ್ಟೆ. ಮೀಟರು ಧಾರಾಳವಾಗಿ 12.6 ಎಂದು ತೋರಿಸುತ್ತದೆ! ಮೀಟರು ಸುಳ್ಳು ಹೇಳಲಿಲ್ಲ. ನಾವು ಕೇಳಿದ ಪ್ರಶ್ನೆ ತಪ್ಪು. ಪ್ರವಾಹ ಹರಿಯದಿದ್ದರೆ ರೋಧ ತನ್ನ ಇರವನ್ನು ತೋರಿಸಿಕೊಳ್ಳದು. ಏಳು ಎಳೆಗಳ ತಂತಿಯಲ್ಲಿ ಆರು ಎಳೆ ತುಂಡಾಗಿದ್ದರೂ, ಹೊರೆಯಿಲ್ಲದ ಈ ಪರೀಕ್ಷೆಯಲ್ಲಿ ಅದು ತೇರ್ಗಡೆಯಾಗುತ್ತದೆ. ಎತ್ತಿನ ಬಲವನ್ನು ಕೊಟ್ಟಿಗೆಯಲ್ಲಿ ನಿಲ್ಲಿಸಿ ಅಳೆಯಲಾದೀತೆ? ನೊಗ ಹೂಡಿಯೇ ನೋಡಬೇಕು.

ಹೊರೆ ಬಿದ್ದಾಗ ಆಗುವ ಈ ನಷ್ಟವನ್ನು ಗಮನಿಸದೆ ಸ್ವತಃ ಓಮನೇ ಒಮ್ಮೆ ದಾರಿ ತಪ್ಪಿದನೆಂದರೆ ನಿಮಗೆ ಸಮಾಧಾನವಾದೀತು. ಜರ್ಮನಿಯ ಕೊಲೋನ್ ನಗರದ ಶಾಲೆಯಲ್ಲಿ ಉಪಾಧ್ಯಾಯನಾಗಿದ್ದ ಜಾರ್ಜ್ ಸೈಮನ್ ಓಮ್ 1825ರಲ್ಲಿ ಪ್ರಕಟಿಸಿದ ಮೊದಲ ಲೇಖನದಲ್ಲಿ ಇಂದು ನಾವು ಓದುವ ಸರಳ ನಿಯಮವಿಲ್ಲ. ಅಲ್ಲಿದ್ದುದು ಲಾಗರಿತಮನ್ನೊಳಗೊಂಡ ಬೇರೊಂದು ಸೂತ್ರ, ಅದೂ ತಪ್ಪು. ಅವನು ಬಳಸಿದ ವೋಲ್ಟಾ ಕೋಶಗಳು ಪ್ರವಾಹ ಹರಿದಂತೆ ತಮ್ಮ ಬಲವನ್ನು ಕಳೆದುಕೊಳ್ಳುತ್ತಿದ್ದುವು. ಪಾಗೆಂಡಾರ್ಫ್ ಎಂಬ ವಿಜ್ಞಾನಿಯ ಸಲಹೆಯಂತೆ ಓಮ್ ಆ ಕೋಶಗಳನ್ನು ಬಿಟ್ಟು, ಬಿಸ್ಮತ್ ಮತ್ತು ತಾಮ್ರದ ಉಷ್ಣಯುಗ್ಮವನ್ನು ಹಿಡಿದನು. ಒಂದು ಸಂಧಿ ಕುದಿಯುವ ನೀರಿನಲ್ಲಿ, ಇನ್ನೊಂದು ಮಂಜುಗಡ್ಡೆಯಲ್ಲಿ, ಬಲ ಸ್ಥಿರವಾಯಿತು. 1826ರಲ್ಲಿ ಸರಿಯಾದ ನಿಯಮ ದೊರೆಯಿತು; 1827ರಲ್ಲಿ ಅದು ಗ್ರಂಥರೂಪದಲ್ಲಿ ಹೊರಬಂದಿತು. ತಪ್ಪಿದ್ದರಲ್ಲಿ ಅವಮಾನವಿಲ್ಲ, ತಪ್ಪು ಎಲ್ಲಿದೆಯೆಂದು ಹುಡುಕದೆ ಬಿಡುವುದರಲ್ಲಿದೆ.

ಹಾಗಾದರೆ ಸರಿಯಾದ ಕ್ರಮವೇನು? ಪಂಪು ಓಡುತ್ತಿರುವಾಗಲೇ ಅಳೆಯಬೇಕು. ಕೊಂಡಿಯನ್ನು ಬಿಚ್ಚದೆ, ಅದರ ಹಿಂಬದಿಯಿಂದ ಮೀಟರಿನ ಮೊನೆಯನ್ನು ತಾಗಿಸಬೇಕು. ಮೊದಲು ಬ್ಯಾಟರಿಯ ಎರಡು ಧ್ರುವಗಳ ನಡುವೆ; ಬಳಿಕ ಪಂಪಿನ ಎರಡು ತುದಿಗಳ ನಡುವೆ; ಬಳಿಕ ಬ್ಯಾಟರಿಯ ಧನಧ್ರುವದಿಂದ ಪಂಪಿನ ಧನತುದಿಯವರೆಗೆ; ಕೊನೆಗೆ ಪಂಪಿನ ಋಣತುದಿಯಿಂದ ಬ್ಯಾಟರಿಯ ಋಣಧ್ರುವದವರೆಗೆ. ಕೊನೆಯ ಎರಡು ಅಳತೆಗಳು ದಾರಿಯಲ್ಲಿ ಆದ ನಷ್ಟವನ್ನು ನೇರವಾಗಿ ತೋರಿಸುತ್ತವೆ. ಹೋಗುವ ದಾರಿಯಲ್ಲಿ ಅರ್ಧ ವೋಲ್ಟಿಗಿಂತಲೂ, ಹಿಂತಿರುಗುವ ದಾರಿಯಲ್ಲಿ ಸುಮಾರು 0.2 ವೋಲ್ಟಿಗಿಂತಲೂ ಹೆಚ್ಚು ನಷ್ಟವಿದ್ದರೆ ಅಲ್ಲಿ ಸಂದೇಹಪಡಬೇಕೆಂಬುದು ಅನುಭವಿಗಳ ರೂಢಿ. ಪಂಪಿನ ಪಾಲು ಮತ್ತು ಎರಡು ನಷ್ಟಗಳು, ಈ ಮೂರೂ ಕೂಡಿದರೆ ಬ್ಯಾಟರಿಯ ಅಳತೆಗೆ ಸಮನಾಗತಕ್ಕದ್ದು. ಇದೇ ಕಿರ್ಖಾಫನ ನಿಯಮ. ಅದನ್ನು 1845ರಲ್ಲಿ ನಿರೂಪಿಸಿದಾಗ ಅವನಿನ್ನೂ ನಿಮ್ಮಂತೆ ವಿದ್ಯಾರ್ಥಿಯಾಗಿದ್ದನು.

ನಷ್ಟ ಯಾವ ದಾರಿಯಲ್ಲೆಂದು ತಿಳಿದ ಮೇಲೆ ಆ ದಾರಿಯನ್ನು ಮಧ್ಯದಲ್ಲಿ ಎರಡಾಗಿ ಭಾಗಿಸಿ ಅಳೆಯಬೇಕು. ದೋಷವಿರುವ ಅರ್ಧವನ್ನು ಮತ್ತೆ ಅರ್ಧಮಾಡಬೇಕು. ಎಂಟು ಸಂಧಿಗಳಿದ್ದರೂ ಮೂರೇ ಅಳತೆಗಳಲ್ಲಿ ಕಳ್ಳ ಸಿಕ್ಕಿಬೀಳುತ್ತಾನೆ.

ನಾವು ಕಾಲೇಜಿನ ಅಂಗಳದ ಹುಣಿಸೆಮರದ ನೆರಳಿನಲ್ಲಿ ಹೀಗೆಯೇ ಮಾಡಿದೆವು. ಎಂಜಿನು ನಿಧಾನವಾಗಿ ಓಡುತ್ತಿರುವಾಗ ಬ್ಯಾಟರಿಯಲ್ಲಿ 13.4 ವೋಲ್ಟು, ಪಂಪಿನಲ್ಲಿ 9.6; ಹೋಗುವ ದಾರಿಯಲ್ಲಿ ನಷ್ಟ 0.3; ಹಿಂತಿರುಗುವ ದಾರಿಯಲ್ಲಿ 3.5. ಲೆಕ್ಕ ಸರಿಹೋಯಿತು. ಋಣ ತಂತಿಯನ್ನು ವಾಹನದ ಚೌಕಟ್ಟಿಗೆ ಬಿಗಿದಿರುವ ಉಂಗುರ ಮತ್ತು ಬೋಲ್ಟಿನ ನಡುವೆ, ಹಸಿರು ಬಿಳುಪು ಬೆರೆತ ಪುಡಿ ಕೂತಿತ್ತು. ಉಪ್ಪುಕಾಗದದಿಂದ ಉಜ್ಜಿ, ಬಿಗಿದು, ಮತ್ತೆ ಅಳೆದಾಗ ನಷ್ಟ 0.1 ವೋಲ್ಟಿಗೂ ಕಡಿಮೆ. ಖರ್ಚಾದದ್ದು ಒಂದು ತುಂಡು ಉಪ್ಪುಕಾಗದ. ಆ ಗಾಡಿ ಅಲ್ಲಿಂದೀಚೆಗೆ ಏರಿನಲ್ಲಿ ನಿಂತಿಲ್ಲ.

ಹಾಗಿದ್ದರೆ ಪಂಪನ್ನು ಬದಲಾಯಿಸಿದ ಮೇಲೆ ಮೂರು ದಿನ ಸರಿಯಾಗಿ ಓಡಿದ್ದೇಕೆ? ಈ ಪ್ರಶ್ನೆಯನ್ನು ವಾಚಕರು ಉಪೇಕ್ಷಿಸಬಾರದು. ಟ್ಯಾಂಕನ್ನು ಕಳಚಿ ಮತ್ತೆ ಜೋಡಿಸುವಾಗ ಆ ಉಂಗುರವೂ ಅಲುಗಿ, ಬೋಲ್ಟನ್ನು ಬಿಚ್ಚಿ ಬಿಗಿಯುವಲ್ಲಿ ಕಿಲುಬಿನ ಪೊರೆ ಒಂದಿಷ್ಟು ಕೆರೆದುಹೋಗಿರಬೇಕು. ಲೋಹಕ್ಕೆ ಲೋಹ ತಾಗಿತು, ಪ್ರವಾಹ ಹರಿಯಿತು, ಕೀರ್ತಿ ಮಾತ್ರ ಹೊಸ ಪಂಪಿಗೆ ಸಂದಿತು. ಇದಾದ ಮೇಲೆ ಅದಾಯಿತು, ಆದುದರಿಂದ ಇದರಿಂದಲೇ ಅದಾಯಿತು ಎಂಬ ತರ್ಕ ಎಷ್ಟು ಅಪಾಯಕಾರಿ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ನಾಟಿಮದ್ದಿನಿಂದ ಹಿಡಿದು ಹರಕೆಯವರೆಗೆ ಎಷ್ಟೋ ನಂಬಿಕೆಗಳು ಹೀಗೆಯೇ ಬೇರೂರುತ್ತವೆ.

ಆ ಕಿಲುಬು ಬಂದುದೆಲ್ಲಿಂದ? ನಮ್ಮ ಬಯಲು ಸೀಮೆಯ ಕೊಳವೆಬಾವಿಗಳ ನೀರು ಬಹುಪಾಲು ಗಡಸು. ನೀರು ಕಾಯಿಸುವ ಪಾತ್ರೆಯ ತಳದ ಬಿಳಿಯ ಪೊರೆಯೇ ಸಾಕ್ಷಿ. ವಾಹನವನ್ನು ತೊಳೆಯುವಾಗ ರಭಸದಿಂದ ಹಾಯಿಸಿದ ಆ ನೀರು ಸಂಧಿಗಳಿಗೆ ನುಗ್ಗುತ್ತದೆ. ನೀರು ಆರಿದರೂ ಲವಣ ಉಳಿಯುತ್ತದೆ. ಬೇರೆ ಬೇರೆ ಲೋಹಗಳು ಕೂಡಿದೆಡೆಯಲ್ಲಿ ಲವಣವೂ ತೇವವೂ ಸೇರಿದರೆ ಅಲ್ಲೊಂದು ಪುಟ್ಟ ವೋಲ್ಟಾ ಕೋಶವೇ ಹುಟ್ಟಿ ಲೋಹವನ್ನು ತಿನ್ನತೊಡಗುತ್ತದೆ.

ಬಾವಿನೀರಿಗೇ ಹೀಗಾದರೆ ಕಡಲನೀರಿನ ಮಾತೇನು? ಕರಾವಳಿಯ ಮಲ್ಪೆ, ಗಂಗೊಳ್ಳಿ ಮುಂತಾದೆಡೆಗಳಲ್ಲಿ ಸಣ್ಣ ದೋಣಿಗಳ ಹಿಂಬದಿಗೆ ಔಟ್‌ಬೋರ್ಡ್ ಮೋಟಾರುಗಳನ್ನು ತೂಗುಹಾಕಿ ಮೀನುಗಾರಿಕೆಗೆ ಹೋಗುವುದುಂಟು. ಸೀಮೆಎಣ್ಣೆಯಿಂದ ಓಡುವ ಹಳೆಯ ಬಗೆಯವುಗಳಲ್ಲಿ ಎಂಜಿನಿನ ಒತ್ತಡದ ಏರಿಳಿತದಿಂದಲೇ ನಡೆಯುವ ಪೊರೆಪಂಪು ಇರುತ್ತದೆ, ಅದಕ್ಕೆ ವಿದ್ಯುತ್ತು ಬೇಡ. ಇಂಧನವನ್ನು ಚಿಮ್ಮಿಸುವ ಹೊಸ ಬಗೆಯ ಔಟ್‌ಬೋರ್ಡುಗಳಲ್ಲಾದರೋ ನಮ್ಮ ಮೋಟಾರ್ ಸೈಕಲಿನಂತೆಯೇ ವಿದ್ಯುತ್ಪಂಪು, ರಿಲೇ, ಕೊಂಡಿ, ಋಣತಂತಿ ಎಲ್ಲವೂ ಉಂಟು. ಉಪ್ಪುಗಾಳಿ ಅವನ್ನು ಹಗಲಿರುಳೂ ತಿನ್ನುತ್ತಿರುತ್ತದೆ. ದೊಡ್ಡೇರಿಯ ಏರಿನಲ್ಲಿ ಗಾಡಿ ನಿಂತರೆ ಹಾಲು ಕೆಡಬಹುದು; ಅಲೆಗಳ ನಡುವೆ ಮೋಟಾರು ನಿಂತರೆ ಪ್ರಾಣಕ್ಕೇ ಸಂಚಕಾರ. ನಿಯಮ ಮಾತ್ರ ಎರಡೂ ಕಡೆ ಒಂದೇ, ಪರೀಕ್ಷೆಯೂ ಒಂದೇ.

ಕೆಲವರು ಹೇಳುವರು: "ಈಗ ದೋಷದ ಸಂಕೇತವನ್ನು ಓದುವ ಯಂತ್ರಗಳು ಬಂದಿವೆ, ಈ ಅಳತೆಗಳ ಗೋಜೇಕೆ?" ಆ ಯಂತ್ರಗಳು ಉಪಯುಕ್ತವೆಂಬುದರಲ್ಲಿ ಸಂದೇಹವಿಲ್ಲ. ಆದರೆ ನಿಯಂತ್ರಕ ಪೆಟ್ಟಿಗೆಗೆ ತಿಳಿದುದನ್ನಷ್ಟೆ ಅವು ಹೇಳಬಲ್ಲವು. ಸಣ್ಣ ವಾಹನಗಳಲ್ಲಿ ಸಾಮಾನ್ಯವಾಗಿ ಪೆಟ್ರೋಲಿನ ಒತ್ತಡವನ್ನು ಅಳೆಯುವ ಸಾಧನವಿರುವುದಿಲ್ಲ. ಪೆಟ್ಟಿಗೆಯು ವಿಭವಾಂತರವನ್ನು ತನ್ನ ಬಾಗಿಲಲ್ಲಿ ಅಳೆಯುತ್ತದೆಯೇ ಹೊರತು ಪಂಪಿನ ಬಾಗಿಲಲ್ಲಲ್ಲ. ಸಂಕೇತ ಬಂದರೂ ಅದು ಬೀದಿಯ ಹೆಸರನ್ನು ಹೇಳೀತು, ಮನೆಯ ಸಂಖ್ಯೆಯನ್ನು ಹೇಳದು.

ಮೆಕ್ಯಾನಿಕರನ್ನು ದೂಷಿಸುವುದೂ ಸುಲಭ. ಆದರೆ ನ್ಯಾಯವಾಗಿ ಯೋಚಿಸಿರಿ. ಅರ್ಧ ಗಂಟೆ ಅಳೆದು, ಒಂದು ಬೋಲ್ಟನ್ನು ಉಜ್ಜಿ ಬಿಗಿದು, ಇನ್ನೂರು ರೂಪಾಯಿ ಕೇಳಿದರೆ ನಾವು ಕೊಡುವೆವೆ? "ಬೋಲ್ಟು ಬಿಗಿಯಲು ಇಷ್ಟು ಹಣವೆ?" ಎಂದು ಜಗಳಕ್ಕೆ ನಿಲ್ಲುವೆವು. ಪೆಟ್ಟಿಗೆಯಲ್ಲಿ ಹೊಳೆಯುವ ಹೊಸ ಪಂಪಿಗಾದರೆ ಸಾವಿರಗಳನ್ನು ಮರುಮಾತಿಲ್ಲದೆ ಎಣಿಸುವೆವು. ವಸ್ತುವಿಗೆ ಬೆಲೆ ಕೊಡುವ ನಾವು ವಿಚಾರಕ್ಕೆ ಬೆಲೆ ಕೊಡುವುದಿಲ್ಲ. ಅಂಥಲ್ಲಿ ವಸ್ತುಗಳೇ ಮಾರಾಟವಾಗುವುದು ಸಹಜವಲ್ಲವೆ? ಹಿಂದಿನ ಮೆಕ್ಯಾನಿಕರ ಕೈಯಲ್ಲಿ ಎರಡು ತಂತಿ ಕಟ್ಟಿದ ಒಂದು ದೀಪವಿರುತ್ತಿತ್ತು. ಓಮನ ಹೆಸರನ್ನು ಕೇಳದಿದ್ದರೂ ಅವರು ಹೊರೆಯನ್ನು ಹೂಡಿಯೇ ಪರೀಕ್ಷಿಸುತ್ತಿದ್ದರು. ದೀಪ ಮಂಕಾದರೆ ದಾರಿಯಲ್ಲಿ ದೋಷವೆಂದು ಅರಿಯುತ್ತಿದ್ದರು. ಈ ವಿಷಯದಲ್ಲಿ ಆ ಬಡದೀಪ ಹೊರೆಯಿಲ್ಲದೆ ಹಿಡಿದ ಮೀಟರಿಗಿಂತ ಮೇಲು. ಆದರೆ ನಿಯಂತ್ರಕ ಪೆಟ್ಟಿಗೆಯ ಸೂಕ್ಷ್ಮ ತಂತಿಗಳಿಗೆ ದೀಪವನ್ನು ತಾಗಿಸಕೂಡದು, ಅದು ಎಳೆಯುವ ಪ್ರವಾಹದಿಂದ ಪೆಟ್ಟಿಗೆಯೇ ಕೆಡಬಹುದು.

ಇನ್ನೊಂದು ಎಚ್ಚರಿಕೆಯನ್ನೂ ಹೇಳದಿದ್ದರೆ ನಮ್ಮ ಕರ್ತವ್ಯಕ್ಕೆ ಲೋಪ ಬಂದೀತು. ಪೆಟ್ರೋಲಿನಲ್ಲಿ ಮುಳುಗಿದ ಮೋಟಾರಿನಿಂದ ಬೆಂಕಿ ಹತ್ತದೆ ಎಂದು ನೀವು ಕೇಳಬಹುದು. ಗಾಳಿಯಲ್ಲಿ ಪೆಟ್ರೋಲಿನ ಆವಿ ನೂರಕ್ಕೆ ಸುಮಾರು 1.4ರಿಂದ 7.6 ಭಾಗದಷ್ಟಿದ್ದರೆ ಮಾತ್ರ ಮಿಶ್ರಣ ಹೊತ್ತಿಕೊಳ್ಳುತ್ತದೆ. ಟ್ಯಾಂಕಿನೊಳಗೆ ಆವಿ ಸಾಮಾನ್ಯವಾಗಿ ಇದಕ್ಕಿಂತ ಬಹಳ ಹೆಚ್ಚು, ಆದುದರಿಂದ ಅಲ್ಲಿ ಬೆಂಕಿಗೆ ಬೇಕಾದಷ್ಟು ಗಾಳಿಯಿಲ್ಲ. ಟ್ಯಾಂಕಿನ ಹೊರಗೆ ಆವಿ ಗಾಳಿಯೊಡನೆ ತೆಳುವಾಗಿ ಬೆರೆಯುವಲ್ಲಿಯೇ ಅಪಾಯ. ಆದುದರಿಂದ ಪರೀಕ್ಷೆಯನ್ನು ಬಯಲಿನಲ್ಲಿ, ಹೊರಗಿನ ಕೊಂಡಿಗಳಲ್ಲಿ ಮಾತ್ರ ನಡೆಸಬೇಕು. ಟ್ಯಾಂಕನ್ನಾಗಲಿ ಒತ್ತಡವಿರುವ ನಳಿಗೆಯನ್ನಾಗಲಿ ವಿದ್ಯಾರ್ಥಿಗಳು ಬಿಚ್ಚಬಾರದು. ತಂತಿಗಳನ್ನು ಒಂದಕ್ಕೊಂದು ತಾಗಿಸಿ ಕಿಡಿ ಹಾರಿಸಿ ನೋಡುವ ದುರಭ್ಯಾಸವನ್ನಂತೂ ಸಂಪೂರ್ಣವಾಗಿ ಬಿಡಬೇಕು. ಪಂಪನ್ನು ತಂಪಾಗಿಡುವುದೂ ಪೆಟ್ರೋಲೇ ಆದುದರಿಂದ, ಟ್ಯಾಂಕು ಬರಿದಾಗುವವರೆಗೆ ಓಡಿಸುವುದು ಜಾಣತನವಲ್ಲ.

ನಮ್ಮ ಅಭಿಪ್ರಾಯವನ್ನು ಇನ್ನು ಸ್ಪಷ್ಟವಾಗಿ ಹೇಳಿಬಿಡುವೆವು. ಹತ್ತನೆಯ ತರಗತಿಯಲ್ಲಿ ಓಮನ ನಿಯಮವನ್ನು ಕಲಿಯುತ್ತೀರಿ. ಪದವಿಪೂರ್ವ ತರಗತಿಯಲ್ಲಿ ಕೋಶದ ಒಳರೋಧವನ್ನೂ ಕಿರ್ಖಾಫನ ನಿಯಮಗಳನ್ನೂ ಮೀಟರ್ ಬ್ರಿಜ್ಜನ್ನೂ ಕಲಿಯುತ್ತೀರಿ. ಲೆಕ್ಕಗಳಲ್ಲಿ ಪೂರ್ಣಾಂಕ ಪಡೆಯುತ್ತೀರಿ. ನಮ್ಮ ಹುಡುಗನೂ ಪಡೆದಿದ್ದನು. ಆದರೂ ಮನೆಯ ಗಾಡಿ ನಿಂತಾಗ ಆ ನಿಯಮಗಳು ಅವನ ನೆರವಿಗೆ ಬರಲಿಲ್ಲ. ಪಾಠದ ರೋಧ ಬೇರೆ, ಬೋಲ್ಟಿನ ಕಿಲುಬು ಬೇರೆ ಎಂದು ಅವನು ತಿಳಿದಿದ್ದನು. ಹಾಗೆ ತಿಳಿಯುವಂತೆ ಕಲಿಸಿದವರು ನಾವೇ. ಪ್ರಯೋಗಶಾಲೆಯಲ್ಲಿ ಸಂಧಿಗಳನ್ನು ಉಜ್ಜಿ ಹೊಳೆಯಿಸಿಟ್ಟು ಪ್ರಯೋಗ ಮಾಡಿಸುತ್ತೇವೆ. ಕೆಟ್ಟ ಸಂಧಿಯನ್ನು ಎದುರಿಗಿಟ್ಟು ಹುಡುಕಿರೆಂದು ಹೇಳುವುದೇ ಇಲ್ಲ. ಪ್ರತಿಯೊಂದು ಶಾಲೆಯಲ್ಲಿಯೂ ಒಂದು ಹಲಗೆಯ ಮೇಲೆ ಬ್ಯಾಟರಿ, ವಾಹನದ ದೀಪ, ಎಂಟು ಸಂಧಿಗಳನ್ನು ಹೂಡಿ, ಅವುಗಳಲ್ಲಿ ಒಂದನ್ನು ಗುಟ್ಟಾಗಿ ಕೆಡಿಸಿಟ್ಟು, ಮೂರು ಅಳತೆಗಳಲ್ಲಿ ಕಂಡುಹಿಡಿಯಿರೆಂದು ಹೇಳಬಾರದೇಕೆ? ಬೇಕಾದ ಮೀಟರು ಕೆಲವು ನೂರು ರೂಪಾಯಿಗೆ ದೊರೆಯುತ್ತದೆ.

ಇದು ಮೋಟಾರ್ ಸೈಕಲಿನ ಮಾತಷ್ಟೇ ಅಲ್ಲ. ನೆರೆಯ ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ 2019ರ ವೇಳೆಗೆ 2050 ಮೆಗಾವಾಟು ಸಾಮರ್ಥ್ಯದ ಸೌರವಿದ್ಯುತ್ ಕ್ಷೇತ್ರ ಪೂರ್ಣಗೊಂಡಿತು. ಅಲ್ಲಿಯ ಅಸಂಖ್ಯ ಸಂಧಿಗಳಿಗೂ, ತೋಟದ ಪಂಪುಸೆಟ್ಟಿಗೂ, ವಿದ್ಯುತ್ ಸ್ಕೂಟರಿಗೂ ಇದೇ ನಿಯಮ. ಈ ಸೀಮೆಯ ಮಕ್ಕಳು ನಾಳೆ ದುಡಿಯಬೇಕಾದ್ದು ಇಂಥ ಯಂತ್ರಗಳ ನಡುವೆಯೇ.

ಆ ವಿದ್ಯಾರ್ಥಿ ಈಗ ತನ್ನ ನೋಟುಪುಸ್ತಕದ ಕೊನೆಯ ಹಾಳೆಯಲ್ಲಿ ಗಾಡಿಯ ನಾಲ್ಕು ಅಳತೆಗಳನ್ನು ತಿಂಗಳಿಗೊಮ್ಮೆ ಬರೆದಿಡುತ್ತಾನೆ. ಬದಲಾಯಿಸಿ ತೆಗೆದ ಹಳೆಯ ಪಂಪನ್ನು ಮನೆಯಲ್ಲಿಯೇ ಇಟ್ಟುಕೊಂಡಿದ್ದಾನೆ. ಅದರಲ್ಲಿ ಯಾವ ದೋಷವೂ ಇರಲಿಲ್ಲ.